ಅಪೊಸ್ತಲರ ಪ್ರಯಾಣಗಳೂ ನಮ್ಮ ಕರ್ತವ್ಯವೂ



ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ಚರಿತ್ರೆಯನ್ನು ಕುರಿತು ಬರೆಯುವೆನೆಂದು ಮೊದಲು ಒಪ್ಪಿಕೊಂಡೆನು. ಆದರೆ ಆ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಆದಕಾರಣ ಬಹುದಿನಗಳಿಂದ ನನ್ನ ಮನಸ್ಸಿನಲ್ಲಿರುವ ಬೇರೊಂದು ವಿಚಾರವನ್ನು ನಿಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಇದು ಮುಖ್ಯವಾಗಿ ಕ್ರೈಸ್ತರಾದ ನಾವು ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು. ಆದರೂ ಬೇರೆ ಧರ್ಮಗಳನ್ನು ಅನುಸರಿಸುವ ತಾಯಿತಂದೆಗಳೂ ಇದನ್ನು ಓದುವರೆಂಬುದನ್ನು ಮರೆತು ನಾನು ಬರೆಯುತ್ತಿಲ್ಲ.

ನಮ್ಮ ಶಾಲೆಯ ಕ್ರೈಸ್ತ ಮಕ್ಕಳು ಎಂಟನೆಯ ತರಗತಿಯ ಸತ್ಯವೇದದ ಪಾಠಕ್ಕಾಗಿ ಪ್ರತಿವರುಷವೂ ಒಂದು ಭೂಪಟವನ್ನು ಬರೆಯುವುದುಂಟು. ಭೂಮಧ್ಯ ಸಮುದ್ರದ ಪೂರ್ವತೀರವನ್ನೂ, ಏಷ್ಯಾ ಮೈನರನ್ನೂ, ಗ್ರೀಸ್ ದೇಶವನ್ನೂ ಬರೆದು, ಪೌಲನ ಮೊದಲನೆಯ ಪ್ರಯಾಣಕ್ಕೆ ಕೆಂಪು ಗೆರೆ, ಎರಡನೆಯದಕ್ಕೆ ನೀಲಿ ಗೆರೆ, ಮೂರನೆಯದಕ್ಕೆ ಹಸುರು ಗೆರೆ ಎಳೆಯುತ್ತಾರೆ. ಇದನ್ನು ಓದುವವರಲ್ಲಿ ಅನೇಕರು ಅಂಥ ಗೆರೆಗಳನ್ನು ಎಳೆದವರೇ. ಕೆಲವು ವರುಷಗಳ ಹಿಂದೆ ಒಬ್ಬ ಹುಡುಗಿಯು ತನ್ನ ಭೂಪಟವನ್ನು ನನಗೆ ತೋರಿಸಲು ತಂದವಳು, "ಅಮ್ಮನವರೇ, ಗೆರೆ ಮುಂದಿನ ಊರಿಗೆ ಹೋಗಿಬಿಟ್ಟಿತು. ಹಿಂದಿನ ಊರಿನಲ್ಲಿ ಆಮೇಲೆ ಏನಾಯಿತು?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ನಾನು ಏನೋ ಒಂದು ಉತ್ತರವನ್ನು ಹೇಳಿ ಅವಳನ್ನು ಕಳುಹಿಸಿದೆನು. ಆದರೆ ಆ ಪ್ರಶ್ನೆಯು ನನ್ನನ್ನು ಬಿಟ್ಟುಹೋಗಲಿಲ್ಲ.

ನಾವು ಅಪೊಸ್ತಲರ ಕೃತ್ಯಗಳನ್ನು ಓದುವಾಗಲೆಲ್ಲಾ ಹೋಗುವವರ ಕಡೆಗೇ ನೋಡುತ್ತೇವೆ. ಹಡಗು, ಬಿರುಗಾಳಿ, ಸೆರೆಮನೆ, ಕಲ್ಲೆಸೆತ ಇವುಗಳ ಕಥೆಯು ಮಕ್ಕಳ ಮನಸ್ಸನ್ನು ಸೆಳೆಯುವುದು ಸಹಜವೇ. ಆದರೆ ಆ ಪ್ರಯಾಣಗಳಿಂದ ಇಂದಿನ ಕ್ರೈಸ್ತರು ಕಲಿಯಬೇಕಾದ ದೊಡ್ಡ ಪಾಠವು ಅಪೊಸ್ತಲರು ಹೋದ ರೀತಿಯಲ್ಲಿರುವುದಕ್ಕಿಂತ ಅವರು ಪ್ರತಿಯೊಂದು ಊರನ್ನು ಬಿಟ್ಟು ಹೊರಟ ರೀತಿಯಲ್ಲಿದೆಯೆಂಬುದು ನನ್ನ ಅಭಿಪ್ರಾಯ. ಅವರು ಕಲಿಸಿದರು, ಕೆಲಸವನ್ನು ಆಯಾ ಊರಿನವರ ಕೈಗೆ ಒಪ್ಪಿಸಿದರು, ಬಳಿಕ ಹೊರಟರು. ನಾವು ಕಲಿಸುವುದನ್ನು ಅರಿತಿದ್ದೇವೆ. ಒಪ್ಪಿಸುವುದನ್ನು ಮಾತ್ರ ಇನ್ನೂ ಅರಿಯೆವು.

ಮೊದಲು ಆ ಪ್ರಯಾಣಗಳು ಪ್ರಾರಂಭವಾದ ಸ್ಥಳವನ್ನು ನೋಡೋಣ. ಸಿರಿಯ ದೇಶದ ಅಂತಿಯೋಕ್ಯವು ಓರೊಂತಿಸ್ ನದಿಯ ತೀರದಲ್ಲಿದ್ದ ಮಹಾನಗರ. ಕ್ರೈಸ್ತರೆಂಬ ಹೆಸರು ಮೊಟ್ಟಮೊದಲು ಹುಟ್ಟಿದ್ದು ಅಲ್ಲಿಯೇ. ಆ ಸಭೆಯಲ್ಲಿದ್ದ ಐವರು ಬೋಧಕರ ಹೆಸರುಗಳನ್ನು ಲೂಕನು ಕೊಟ್ಟಿದ್ದಾನೆ. ಕುಪ್ರದ್ವೀಪದ ಬಾರ್ನಬನು, ನೀಗರನೆನಿಸಿಕೊಂಡ ಸಿಮೆಯೋನನು, ಆಫ್ರಿಕಾ ಖಂಡದ ಕುರೇನೆಯ ಲೂಕ್ಯನು, ಹೆರೋದನ ಜೊತೆಯಲ್ಲಿ ಬೆಳೆದ ಮೆನಹೇನನು, ತಾರ್ಸದ ಸೌಲನು. ಹೀಗೆ ನಾನಾ ದೇಶಗಳಿಂದಲೂ ನಾನಾ ಅಂತಸ್ತುಗಳಿಂದಲೂ ಬಂದವರು ಒಂದೇ ಸಭೆಯಲ್ಲಿ ಕೂಡಿದ್ದರು. ಉಪವಾಸ ಪ್ರಾರ್ಥನೆಗಳಲ್ಲಿರುವಾಗ ಬಾರ್ನಬನನ್ನೂ ಸೌಲನನ್ನೂ ಬೇರೆ ಕೆಲಸಕ್ಕಾಗಿ ಪ್ರತ್ಯೇಕಿಸಬೇಕೆಂಬ ಪ್ರೇರಣೆಯು ಅವರಿಗೆ ಪವಿತ್ರಾತ್ಮನಿಂದ ಉಂಟಾಯಿತು. ಐವರಲ್ಲಿ ಶ್ರೇಷ್ಠರೆನಿಸಿದ ಇಬ್ಬರನ್ನೇ ಕೊಡಬೇಕಾಗಿ ಬಂದರೂ ಆ ಸಭೆಯು ಹಿಂಜರಿಯಲಿಲ್ಲ. ಅವರ ಮೇಲೆ ಕೈಗಳನ್ನಿಟ್ಟು ಕಳುಹಿಸಿಕೊಟ್ಟಿತು.

ತಾಯಿತಂದೆಗಳೇ, ಇಲ್ಲಿ ನಾನು ಸ್ವಲ್ಪ ಕಠಿಣವಾದ ಮಾತನ್ನಾಡಿದರೆ ಕ್ಷಮಿಸಬೇಕು. ನಮ್ಮ ಮನೆಗಳಲ್ಲಿ ಜಾಣೆಯಾದ ಮಗಳಿಗೆ ಹೆಚ್ಚು ಸಂಬಳವಿರುವ ಉದ್ಯೋಗವನ್ನೂ, ಮಿಕ್ಕವಳಿಗೆ ಬೋಧಕ ವೃತ್ತಿಯನ್ನೂ ಗೊತ್ತುಮಾಡುವ ವಾಡಿಕೆಯುಂಟು. ಬೇರೆಲ್ಲಿಯೂ ಸ್ಥಳ ದೊರೆಯದಿದ್ದರೆ ಶಾಲೆಗೆ ಸೇರಲಿ, ಸಭೆಯ ಕೆಲಸಕ್ಕೆ ಸೇರಲಿ ಎಂಬ ಮಾತನ್ನು ನನ್ನ ಕೋಣೆಯಲ್ಲಿಯೇ ನಾನು ಕೇಳಿದ್ದೇನೆ. ಸೇವೆಗೆ ಮಿಕ್ಕದ್ದನ್ನು ಕೊಡುವ ಸಭೆಯು ಅಂತಿಯೋಕ್ಯದ ಹೆಸರನ್ನು ಹೇಳಿಕೊಳ್ಳುವುದು ನ್ಯಾಯವೇ?

ಮೊದಲನೆಯ ಪ್ರಯಾಣದಲ್ಲಿ ಲುಸ್ತ್ರವೆಂಬ ಊರಿನಲ್ಲಿ ನಡೆದ ಸಂಗತಿಯು ನಮ್ಮ ದೇಶದವರಿಗೆ ಚೆನ್ನಾಗಿ ತಿಳಿಯತಕ್ಕದ್ದು. ಹುಟ್ಟುಕುಂಟನೊಬ್ಬನು ಎದ್ದು ನಡೆದುದನ್ನು ಕಂಡ ಜನರು, ದೇವತೆಗಳು ಮನುಷ್ಯರೂಪದಿಂದ ಇಳಿದು ಬಂದಿದ್ದಾರೆಂದು ತಮ್ಮ ಲುಕವೋನ್ಯ ಭಾಷೆಯಲ್ಲಿ ಕೂಗಿಕೊಂಡು, ಪೂಜಾರಿಯನ್ನು ಮುಂದಿಟ್ಟುಕೊಂಡು ಎತ್ತುಗಳನ್ನೂ ಹೂವಿನ ಹಾರಗಳನ್ನೂ ಊರಬಾಗಿಲಿಗೆ ತಂದರು. ಅಪೊಸ್ತಲರು ಬಟ್ಟೆಗಳನ್ನು ಹರಿದುಕೊಂಡು ಗುಂಪಿನೊಳಗೆ ನುಗ್ಗಿ, ತಾವೂ ಅವರಂಥ ಮನುಷ್ಯರೇ ಎಂದು ಹೇಳಿ ಬಹು ಕಷ್ಟದಿಂದ ಅವರನ್ನು ತಡೆದರು. ಸ್ವಲ್ಪ ದಿವಸಗಳಲ್ಲಿಯೇ, ಹೊರಗಿನಿಂದ ಬಂದವರ ಮಾತನ್ನು ಕೇಳಿ, ಅದೇ ಜನರು ಪೌಲನ ಮೇಲೆ ಕಲ್ಲೆಸೆದು ಸತ್ತನೆಂದು ಊರ ಹೊರಗೆ ಎಳೆದು ಹಾಕಿದರು.

ಕಲ್ಲೇಟನ್ನು ಸಹಿಸಿದ್ದಕ್ಕಾಗಿ ನಾವು ಪೌಲನನ್ನು ಹೊಗಳುತ್ತೇವೆ. ಹೂವಿನ ಹಾರವನ್ನು ನಿರಾಕರಿಸಿದ್ದಕ್ಕಾಗಿ ಇನ್ನೂ ಹೆಚ್ಚಾಗಿ ಹೊಗಳಬೇಕೆಂದು ನನಗೆ ತೋರುತ್ತದೆ. ಸಭೆ ಸಮಾರಂಭಗಳಲ್ಲಿ ನಮಗೆ ಹಾಕುವ ಗೌರವದ ಹಾರದಲ್ಲಿ ತಪ್ಪೇನೂ ಇಲ್ಲ. ಆದರೆ ತನ್ನನ್ನು ಬಿಟ್ಟರೆ ಈ ಕೆಲಸವನ್ನು ಮಾಡುವವರೇ ಇಲ್ಲವೆಂದು ಜನರು ಹೇಳುವಾಗ ಒಳಗೊಳಗೆ ಹಿಗ್ಗುವುದುಂಟಲ್ಲವೇ, ಅದು ಲುಸ್ತ್ರದ ಹಾರ. ಅದನ್ನು ಒಮ್ಮೆ ಕೊರಳಿಗೆ ಹಾಕಿಕೊಂಡವರು ಆ ಸ್ಥಳವನ್ನು ಬಿಟ್ಟು ಹೊರಡಲಾರರು. ಕೆಲಸವನ್ನು ಇತರರಿಗೆ ಒಪ್ಪಿಸಲೂ ಆರರು.

ಮುಂದೆ ಅವರು ದೆರ್ಬೆ ಎಂಬ ಊರಿಗೆ ಹೋದರು. ಭೂಪಟವನ್ನು ತೆರೆದು ನೋಡಿರಿ. ಅಲ್ಲಿಂದ ಪೂರ್ವಕ್ಕೆ ಹೋಗಿ ಪರ್ವತದ ಕಣಿವೆಯನ್ನು ಇಳಿದರೆ ಪೌಲನ ಹುಟ್ಟೂರಾದ ತಾರ್ಸ. ಅಲ್ಲಿಂದ ಅಂತಿಯೋಕ್ಯಕ್ಕೆ ನೇರವಾದ ದಾರಿ. ಆದರೆ ಅವರು ಆ ದಾರಿಯನ್ನು ಹಿಡಿಯದೆ, ಕಲ್ಲೆಸೆದ ಲುಸ್ತ್ರಕ್ಕೂ, ಅಲ್ಲಿಂದ ಇಕೋನ್ಯಕ್ಕೂ, ತಮ್ಮನ್ನು ಹೊರಗೆ ಅಟ್ಟಿದ ಪಿಸಿದ್ಯದ ಅಂತಿಯೋಕ್ಯಕ್ಕೂ ತಿರಿಗಿ ಹೋದರು. ಯಾತಕ್ಕಾಗಿ? ಹೊಸದಾಗಿ ನಂಬಿದವರನ್ನು ಧೈರ್ಯಪಡಿಸುವುದಕ್ಕೂ, ಪ್ರತಿಯೊಂದು ಸಭೆಯಲ್ಲಿ ಹಿರಿಯರನ್ನು ನೇಮಿಸುವುದಕ್ಕೂ. ಆ ಹಿರಿಯರು ಆಯಾ ಊರಿನವರೇ. ನಂಬಿಕೆಗೆ ಬಂದು ಬಹುಕಾಲವೂ ಆಗಿರಲಿಲ್ಲ. ಅವರನ್ನು ಉಪವಾಸ ಪ್ರಾರ್ಥನೆಗಳೊಡನೆ ಕರ್ತನ ಕೈಗೆ ಒಪ್ಪಿಸಿ ಅಪೊಸ್ತಲರು ಹೊರಟುಹೋದರು.

ಈ ಸಂಗತಿಯ ಮಹತ್ವವನ್ನು ನಮ್ಮ ಕಾಲಕ್ಕೆ ಸಮೀಪವಾಗಿ ಎತ್ತಿ ತೋರಿಸಿದವನು ರೋಲಂಡ್ ಅಲೆನ್ ಎಂಬ ಆಂಗ್ಲ ಪಾದ್ರಿ. ಉತ್ತರ ಚೀನದಲ್ಲಿ ಸೇವೆಮಾಡಿ ಬಂದ ಆತನು 1912ರಲ್ಲಿ, ಮಿಷನೆರಿಗಳ ಕ್ರಮವು ಸಂತ ಪೌಲನದೋ ನಮ್ಮದೋ ಎಂದು ಕೇಳುವ ಹೆಸರುಳ್ಳ ಒಂದು ಗ್ರಂಥವನ್ನು ಪ್ರಕಟಿಸಿದನು. ಗಲಾತ್ಯ, ಮಕೆದೋನ್ಯ, ಅಖಾಯ, ಆಸ್ಯ ಎಂಬ 4 ಪ್ರಾಂತ್ಯಗಳಲ್ಲಿ ಕ್ರಿ.ಶ. 47ಕ್ಕೆ ಮೊದಲು ಸಭೆಗಳಿರಲಿಲ್ಲ, ಕ್ರಿ.ಶ. 57ರ ಹೊತ್ತಿಗೆ ಅಲ್ಲಿ ತನ್ನ ಕೆಲಸವು ಮುಗಿಯಿತೆಂದು ಪೌಲನು ಹೇಳಬಲ್ಲವನಾಗಿದ್ದನು. 10 ವರುಷಗಳಲ್ಲಿ ಪೌಲನಿಗೆ ಸಾಧ್ಯವಾದದ್ದು ತಮಗೆ ತಲೆಮಾರುಗಳು ಕಳೆದರೂ ಸಾಧ್ಯವಾಗದೆ ಹೋದದ್ದೇಕೆಂದು ಆತನು ತನ್ನವರನ್ನೇ ಕೇಳಿದನು. ಪೌಲನು ಜನರನ್ನೂ ಅವರಲ್ಲಿ ಕೆಲಸಮಾಡುವ ದೇವರಾತ್ಮನನ್ನೂ ನಂಬಿದನು, ನಾವು ನಂಬಲಿಲ್ಲ ಎಂಬುದೇ ಆತನ ಉತ್ತರದ ಸಾರಾಂಶ.

ಇಲ್ಲಿ ಒಂದು ಆಕ್ಷೇಪಣೆಯು ಬರುವುದು ನ್ಯಾಯವೇ. ಅನುಭವವಿಲ್ಲದವರ ಕೈಗೆ ಕೆಲಸವನ್ನು ಕೊಟ್ಟರೆ ಅದು ಕೆಡುವುದಿಲ್ಲವೇ? ಕೆಡುತ್ತದೆ. ಕೊರಿಂಥದ ಸಭೆಯೇ ಅದಕ್ಕೆ ಸಾಕ್ಷಿ. ಪೌಲನು ಆ ಪಟ್ಟಣದಲ್ಲಿ ಒಂದೂವರೆ ವರುಷವಿದ್ದು ಕಲಿಸಿದನು. ಗಲ್ಲಿಯೋ ಎಂಬ ಅಧಿಪತಿಯ ಹೆಸರುಳ್ಳ ಒಂದು ಶಿಲಾಶಾಸನವು ಗ್ರೀಸಿನ ದೆಲ್ಫಿಯಲ್ಲಿ ದೊರೆತಿರುವುದರಿಂದ ಆ ಕಾಲವು ಸುಮಾರು ಕ್ರಿ.ಶ. 51 ಎಂದು ಪಂಡಿತರು ಗೊತ್ತುಮಾಡಿದ್ದಾರೆ. ಪೌಲನು ಅಲ್ಲಿಂದ ಹೋದ ಸ್ವಲ್ಪ ಕಾಲದೊಳಗೇ ಆ ಸಭೆಯವರು ಪಕ್ಷಗಳಾಗಿ ಒಡೆದರು; ಒಬ್ಬರ ಮೇಲೊಬ್ಬರು ನ್ಯಾಯಸ್ಥಾನಕ್ಕೆ ಹೋದರು; ಕರ್ತನ ಭೋಜನದಲ್ಲಿ ಉಳ್ಳವರು ಹೊಟ್ಟೆತುಂಬ ಉಂಡು ಬಡವರನ್ನು ಹಸಿದಿರುವಂತೆ ಬಿಟ್ಟರು. ಪೌಲನು ಇದನ್ನು ಕೇಳಿ ಕಣ್ಣೀರಿಟ್ಟನು, ಪತ್ರಗಳನ್ನು ಬರೆದನು, ತಿಮೊಥೆಯನನ್ನೂ ತೀತನನ್ನೂ ಕಳುಹಿಸಿದನು, ತಾನೂ ಹೋಗಿ ನೋಡಿದನು. ಆದರೆ ಒಂದನ್ನು ಮಾತ್ರ ಮಾಡಲಿಲ್ಲ. ನೀವು ಅಯೋಗ್ಯರು, ಸಭೆಯನ್ನು ಹಿಂದಕ್ಕೆ ಕೊಡಿರಿ ಎಂದು ಅವರಿಂದ ಕೆಲಸವನ್ನು ಕಿತ್ತುಕೊಳ್ಳಲಿಲ್ಲ. ಬಿಟ್ಟುಹೋಗುವುದು ಬೇರೆ, ಒಪ್ಪಿಸಿ ಹೋಗುವುದು ಬೇರೆ. ಬಿಟ್ಟುಹೋದವನು ತಿರಿಗಿ ನೋಡುವುದಿಲ್ಲ. ಒಪ್ಪಿಸಿದವನು ಪತ್ರ ಬರೆಯುತ್ತಾನೆ, ವಿಚಾರಿಸುತ್ತಾನೆ, ಗದರಿಸುತ್ತಾನೆ, ಪ್ರಾರ್ಥಿಸುತ್ತಾನೆ. ಕೊರಿಂಥದವರ ತಪ್ಪುಗಳಿಂದಲೇ ನಮಗೆ ಪ್ರೀತಿಯ ವಿಷಯವಾದ ಆ ಪ್ರಸಿದ್ಧ ಅಧ್ಯಾಯವು ದೊರೆಯಿತೆಂಬುದನ್ನೂ ನೆನೆಯಬೇಕು.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರೋಣ. ಹಿಂದಿನ ಊರಿನಲ್ಲಿ ಆಮೇಲೆ ಏನಾಯಿತು? ಇದಕ್ಕೆ ಉತ್ತರವನ್ನು ಹುಡುಕುತ್ತಾ ಹೋದರೆ ಹೆಚ್ಚಾಗಿ ನಾವು ಒಂದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಆ ಬಾಗಿಲನ್ನು ತೆರೆಯುವವಳು ಎಷ್ಟೋ ಸಾರಿ ಹೆಂಗಸು.

ಎರಡನೆಯ ಪ್ರಯಾಣದಲ್ಲಿ ಪೌಲನೂ ಸೀಲನೂ ತ್ರೋವದಿಂದ ಹಡಗು ಹತ್ತಿ, ರೋಮಿನವರ ವಸಾಹತಾಗಿದ್ದ ಫಿಲಿಪ್ಪಿಗೆ ಬಂದರು. ಸಬ್ಬತ್ ದಿನದಲ್ಲಿ ಅವರು ಊರಬಾಗಿಲಿನ ಹೊರಗೆ ನದೀತೀರಕ್ಕೆ ಹೋಗಿ, ಅಲ್ಲಿ ಪ್ರಾರ್ಥನೆಗಾಗಿ ಕೂಡಿದ್ದ ಹೆಂಗಸರ ಸಂಗಡ ಮಾತನಾಡಿದರು. ಅವರಲ್ಲಿ ಒಬ್ಬಳು ಲುದ್ಯ. ಅವಳು ಆಸ್ಯದ ಥುವತೈರ ಪಟ್ಟಣದವಳು. ಧೂಮ್ರವರ್ಣದ ವಸ್ತ್ರಗಳನ್ನು ಮಾರುವ ವ್ಯಾಪಾರಸ್ಥೆ. ನಂಬಿದ ಕೂಡಲೆ ಅವಳು ತನ್ನ ಮನೆಯನ್ನು ತೆರೆದು, ಬಂದು ಇಳುಕೊಳ್ಳಬೇಕೆಂದು ಅವರನ್ನು ಬಲವಂತಮಾಡಿದಳು. ಮುಂದೆ ಅವರು ಛಡಿಯೇಟನ್ನೂ ಸೆರೆಮನೆಯನ್ನೂ ಅನುಭವಿಸಿ ಬಿಡುಗಡೆಯಾದಾಗ ಮೊದಲು ಹೋದದ್ದು ಲುದ್ಯಳ ಮನೆಗೆ. ಅಲ್ಲಿ ಸಹೋದರರನ್ನು ಕಂಡು ಧೈರ್ಯಹೇಳಿ ಹೊರಟುಹೋದರು. ಭೂಪಟದ ನೀಲಿ ಗೆರೆ ಥೆಸಲೋನಿಕದ ಕಡೆಗೆ ತಿರುಗುತ್ತದೆ. ಫಿಲಿಪ್ಪಿಯಲ್ಲಿ ಉಳಿದದ್ದು ಒಬ್ಬ ವ್ಯಾಪಾರಸ್ಥೆಯ ಮನೆ, ಒಬ್ಬ ಸೆರೆಯ ಅಧಿಕಾರಿಯ ಕುಟುಂಬ, ಇನ್ನು ಕೆಲವರು.

ಆ ಕೆಲವರು ಏನು ಮಾಡಿದರು? ಪೌಲನು ಥೆಸಲೋನಿಕದಲ್ಲಿದ್ದಾಗ ಒಂದಕ್ಕಿಂತ ಹೆಚ್ಚು ಸಾರಿ ಅವನಿಗೆ ಸಹಾಯ ಕಳುಹಿಸಿದರು. ಮುಂದೆ ಅವನು ಸೆರೆಯಲ್ಲಿದ್ದಾಗ ಎಪಫ್ರೊದೀತನೆಂಬವನ ಕೈಯಲ್ಲಿ ಕಾಣಿಕೆಯನ್ನು ಕೊಟ್ಟು ಕಳುಹಿಸಿದರು. ಅವರಿಗೆ ಪೌಲನು ಬರೆದ ಪತ್ರದಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರ ಹೆಸರುಗಳಿವೆ. ಸುವಾರ್ತೆಗಾಗಿ ತನ್ನೊಡನೆ ಪ್ರಯಾಸಪಟ್ಟವರೆಂದು ಅವರನ್ನು ಹೊಗಳಿ, ಇಬ್ಬರೂ ಒಂದೇ ಮನಸ್ಸುಳ್ಳವರಾಗಿರಬೇಕೆಂದು ಬೇಡಿಕೊಂಡಿದ್ದಾನೆ. ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದ ಕೂಟಗಳಲ್ಲಿ ಕುಳಿತು ಬಲ್ಲವರಿಗೆ ಈ ವಾಕ್ಯದ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ!

ಪ್ರಿಸ್ಕಿಲ್ಲಳ ಚರಿತ್ರೆಯು ಇನ್ನೂ ಬೋಧಪ್ರದವಾದದ್ದು. ಚಕ್ರವರ್ತಿಯಾದ ಕ್ಲೌದ್ಯನು ಯೆಹೂದ್ಯರು ರೋಮಾಪುರವನ್ನು ಬಿಡಬೇಕೆಂದು ಆಜ್ಞೆ ಹೊರಡಿಸಿದ್ದರಿಂದ ಅವಳೂ ಅವಳ ಗಂಡನಾದ ಅಕ್ವಿಲನೂ ಕೊರಿಂಥಕ್ಕೆ ಬಂದರು. ಅವರ ಕಸಬು ಗುಡಾರ ಮಾಡುವುದು; ಪೌಲನದೂ ಅದೇ. ಮೂವರೂ ಒಂದೇ ಮನೆಯಲ್ಲಿದ್ದು ಒಂದೇ ಕೆಲಸವನ್ನು ಮಾಡಿದರು. ಪೌಲನು ಅವರನ್ನು ಎಫೆಸದಲ್ಲಿ ಬಿಟ್ಟು ಮುಂದೆ ಹೋದ ಮೇಲೆ, ಅಪೊಲ್ಲೋಸನೆಂಬ ವಾಕ್ಚಾತುರ್ಯವುಳ್ಳ ಅಲೆಕ್ಸಾಂದ್ರಿಯದ ಪಂಡಿತನು ಅಲ್ಲಿಗೆ ಬಂದು ಬೋಧಿಸತೊಡಗಿದನು. ಅವನ ಉಪದೇಶದಲ್ಲಿ ಒಂದು ಕೊರತೆಯಿತ್ತು. ಆ ದಂಪತಿಗಳು ತುಂಬಿದ ಸಭೆಯಲ್ಲಿ ಅವನನ್ನು ಖಂಡಿಸಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದರು. ಇಂದು ನಮ್ಮ ತರಬೇತಿಯ ವಿದ್ಯಾಲಯಗಳಲ್ಲಿ ಬೋಧನಾ ಕ್ರಮವೆಂದು ಕಲಿಸುವುದೆಲ್ಲವೂ ಈ ಒಂದು ನಡತೆಯಲ್ಲಿದೆ. ತಿದ್ದಿದ್ದು ಏಕಾಂತದಲ್ಲಿ, ತಿದ್ದಿಸಿಕೊಂಡವನ ಮಾನ ಉಳಿಯಿತು, ಅವನು ಮುಂದೆ ಕೊರಿಂಥಕ್ಕೆ ಹೋಗಿ ಬಹಳ ಉಪಕಾರವಾದನು. ಹೊಸ ಒಡಂಬಡಿಕೆಯಲ್ಲಿ ಈ ದಂಪತಿಗಳ ಹೆಸರು 6 ಸಾರಿ ಬರುತ್ತದೆ; ಅದರಲ್ಲಿ ಹೆಚ್ಚು ಕಡೆ ಹೆಂಡತಿಯ ಹೆಸರೇ ಮೊದಲು ಬಂದಿದೆ.

ಲುಸ್ತ್ರದ ತಿಮೊಥೆಯನನ್ನು ಬೆಳೆಸಿದವರೂ ಅವನ ಅಜ್ಜಿಯಾದ ಲೋವಿ, ತಾಯಿಯಾದ ಯೂನೀಕೆ ಎಂಬ ಸ್ತ್ರೀಯರೇ. ರೋಮಾಪುರದವರಿಗೆ ಬರೆದ ಪತ್ರದ ಕಡೆಯ ಅಧ್ಯಾಯದಲ್ಲಿ ಪೌಲನು ನೆನೆದಿರುವ ಜನರನ್ನು ಎಣಿಸಿ ನೋಡಿರಿ. ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆ ಮೊದಲಾಗಿ 10 ಮಂದಿ ಸ್ತ್ರೀಯರು ಅಲ್ಲಿದ್ದಾರೆ. ಇವರಲ್ಲಿ ಬಹುಮಂದಿಗೆ ಭೂಪಟದಲ್ಲಿ ಗೆರೆಯಿಲ್ಲ. ಗೆರೆಯು ಮುಂದಕ್ಕೆ ಹೋದ ಮೇಲೆ ಅವರ ಕೆಲಸವು ಪ್ರಾರಂಭವಾಯಿತು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಇದನ್ನು ಬರೆಯುವಾಗ ನಿಮ್ಮಲ್ಲೊಬ್ಬಳ ಮುಖವು ನನ್ನ ಕಣ್ಣಮುಂದಿದೆ. ಮದುವೆಯಾಗಿ ದೂರದ ಊರಿನಲ್ಲಿರುವ ಅವಳು ಮಗುವನ್ನು ಎತ್ತಿಕೊಂಡು ನನ್ನನ್ನು ನೋಡಲು ಬಂದಿದ್ದಳು. "ನೀವೆಲ್ಲಾ ಸೇವೆಯಲ್ಲಿದ್ದೀರಿ, ಅಮ್ಮನವರೇ, ನಾನು ಮನೆಯಲ್ಲಿ ಸುಮ್ಮನೆ ಇದ್ದೇನೆ" ಎಂದು ಹೇಳಿ ತಲೆ ತಗ್ಗಿಸಿದಳು. ಮಾತು ಮುಂದುವರಿದಂತೆ, ನೆರೆಮನೆಯ ಮೂವರು ಹುಡುಗಿಯರಿಗೆ ಸಂಜೆ ಲೆಕ್ಕ ಹೇಳಿಕೊಡುತ್ತಿರುವಳೆಂದೂ, ಅವರಲ್ಲಿ ಶಾಲೆಯನ್ನು ಬಿಟ್ಟಿದ್ದ ಒಬ್ಬಳನ್ನು ತಿರಿಗಿ ಸೇರಿಸಿರುವಳೆಂದೂ ತಿಳಿಯಿತು. ಇದು ಸುಮ್ಮನೆ ಇರುವುದೇ? ಹಾಗಾದರೆ ಲುದ್ಯಳೂ ಸುಮ್ಮನೆ ಇದ್ದವಳೇ. ಶಾಲೆಯು ನಿಮ್ಮನ್ನು ಕಳುಹಿಸಿಕೊಟ್ಟ ಮೇಲೆ ನೀವಿರುವ ಮನೆಯೇ ಆ ಊರಿನ ಫಿಲಿಪ್ಪಿ.

ಸೋತವರ ವಿಷಯದಲ್ಲಿಯೂ ಈ ಪ್ರಯಾಣಗಳಿಂದ ಕಲಿಯತಕ್ಕದ್ದುಂಟು. ಮಾರ್ಕನೆನಿಸಿಕೊಂಡ ಯೋಹಾನನು ಮೊದಲನೆಯ ಪ್ರಯಾಣದಲ್ಲಿ ಪಂಫುಲ್ಯದ ಪೆರ್ಗೆಯಿಂದ ಹಿಂದಿರುಗಿ ಮನೆಗೆ ಹೋದನು. ಎರಡನೆಯ ಸಾರಿ ಅವನನ್ನು ಕರೆದುಕೊಂಡು ಹೋಗೋಣವೆಂದು ಬಾರ್ನಬನು ಹೇಳಲು ಪೌಲನು ಒಪ್ಪಲಿಲ್ಲ. ತೀಕ್ಷ್ಣವಾದ ವಾಗ್ವಾದ ಹುಟ್ಟಿ ಅವರಿಬ್ಬರೂ ಅಗಲಿದರು. ಈ ಜಗಳವನ್ನು ಮುಚ್ಚಿಡದೆ ಬರೆದ ಲೂಕನ ಪ್ರಾಮಾಣಿಕತೆಯನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ಬಾರ್ನಬನು ಮಾರ್ಕನನ್ನು ಕೈಬಿಡಲಿಲ್ಲ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಮಾರ್ಕನು ಸೇವೆಗೆ ಉಪಯುಕ್ತನಾಗಿದ್ದಾನೆ, ಅವನನ್ನು ಕರೆದುಕೊಂಡು ಬಾ ಎಂಬ ಭಾವದ ಮಾತು ಬರುತ್ತದೆ. ಪರೀಕ್ಷೆಯಲ್ಲಿ ಒಮ್ಮೆ ತಪ್ಪಿದ ಮಗಳನ್ನು ಮನೆಯಲ್ಲಿ ಕುಳ್ಳಿರಿಸಿಬಿಡುವ ತಂದೆಗಳೂ, ಒಂದು ತಪ್ಪಿಗಾಗಿ ಹುಡುಗಿಯ ಹೆಸರಿನ ಮುಂದೆ ಮನಸ್ಸಿನಲ್ಲಿಯೇ ಗುರುತುಹಾಕಿಡುವ ನಮ್ಮಂಥ ಉಪಾಧ್ಯಾಯಿನಿಯರೂ ಬಾರ್ನಬನನ್ನು ನೆನೆಯುವುದು ಒಳ್ಳೆಯದು. ಪೌಲನಂಥವನೂ ಒಬ್ಬ ಹುಡುಗನ ವಿಷಯದಲ್ಲಿ ತನ್ನ ತೀರ್ಪನ್ನು ಬದಲಿಸಬೇಕಾಯಿತು.

ಬೇರೆ ಧರ್ಮದವರ ನಡುವೆ ಬಾಳುವ ಕ್ರೈಸ್ತರಿಗೆ ಎಫೆಸದಲ್ಲಿ ಒಂದು ಪಾಠವಿದೆ. ಅರ್ತೆಮಿ ದೇವಿಯ ಗುಡಿಯಿಂದ ಪ್ರಖ್ಯಾತವಾಗಿದ್ದ ಆ ಪಟ್ಟಣದಲ್ಲಿ, ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ ಅಕ್ಕಸಾಲೆಯಾದ ದೇಮೇತ್ರಿಯನು ತನ್ನ ಕಸಬಿಗೆ ಹಾನಿಯಾಯಿತೆಂದು ಜನರನ್ನು ಎಬ್ಬಿಸಿದನು. ಅವರು ನಾಟಕಶಾಲೆಯಲ್ಲಿ ಕೂಡಿ ಎರಡು ತಾಸು ಕೂಗಾಡಿದರು. ಕಡೆಗೆ ಪಟ್ಟಣದ ಲೇಖಕನು ಎದ್ದುನಿಂತು ಅವರನ್ನು ಸಮಾಧಾನಪಡಿಸಿದನು. ಅವನು ಕ್ರೈಸ್ತನಲ್ಲ, ಆ ದೇವಿಯ ಪಟ್ಟಣದ ಅಧಿಕಾರಿ. ಆದರೂ, ಈ ಮನುಷ್ಯರು ಗುಡಿಯನ್ನು ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಆ ಗದ್ದಲದ ನಡುವೆ ಅವನೇ ಸಾಕ್ಷಿ ಹೇಳಿದನು. ಎಫೆಸದಲ್ಲಿ ಸುಮಾರು 3 ವರುಷ ವಾಸವಾಗಿದ್ದ ಪೌಲನಿಗೆ ಇದಕ್ಕಿಂತ ದೊಡ್ಡ ಪ್ರಶಂಸಾಪತ್ರವು ಬೇಕೇ? ತನ್ನ ನಂಬಿಕೆಯನ್ನು ಅವನು ಮುಚ್ಚಿಟ್ಟುಕೊಂಡವನಲ್ಲ. ಇತರರು ಪೂಜ್ಯವೆಂದೆಣಿಸುವುದನ್ನು ಹಳಿದವನೂ ಅಲ್ಲ. ನಮ್ಮ ನೆರೆಯವರಾದ ಹಿಂದೂ ಮುಸಲ್ಮಾನ ಬಂಧುಗಳು ನಮ್ಮ ವಿಷಯವಾಗಿ ಇಂಥ ಸಾಕ್ಷಿಯನ್ನು ಹೇಳಬಲ್ಲರೇ? ಅವರು ತಮ್ಮ ಹೆಣ್ಣುಮಕ್ಕಳನ್ನು ನಂಬಿ ನಮ್ಮ ಶಾಲೆಗೆ ಒಪ್ಪಿಸಿದ್ದಾರೆ. ಆ ನಂಬಿಕೆಯು ಗುಡಿಯಷ್ಟೇ ಪವಿತ್ರವಾದದ್ದು. ಅದನ್ನು ದೋಚುವ ಅಧಿಕಾರವು ಯಾರಿಗೂ ಇಲ್ಲ.

ಮೂರನೆಯ ಪ್ರಯಾಣದ ಅಂತ್ಯದಲ್ಲಿ ಪೌಲನು ಎಫೆಸದ ಸಭೆಯ ಹಿರಿಯರನ್ನು ಮಿಲೇತಕ್ಕೆ ಕರೆಕಳುಹಿಸಿದನು. ತಾನು ಯಾರ ಬೆಳ್ಳಿಬಂಗಾರವನ್ನೂ ಬಯಸದೆ ಸ್ವಂತ ಕೈಗಳಿಂದ ದುಡಿದುಕೊಂಡೆನೆಂದು ತಿಳಿಸಿ, ಇನ್ನು ನೀವು ನನ್ನ ಮುಖವನ್ನು ಕಾಣುವುದಿಲ್ಲವೆಂದು ಹೇಳಿ, ಮಂದೆಯನ್ನು ಅವರಿಗೆ ಒಪ್ಪಿಸಿದನು. ಅವರು ಅವನ ಕೊರಳನ್ನು ತಬ್ಬಿಕೊಂಡು ಬಹಳವಾಗಿ ಅತ್ತು ಹಡಗಿನ ತನಕ ಹೋಗಿ ಕಳುಹಿಸಿಕೊಟ್ಟರು. ಆಗ ಪೌಲನ ಸಂಗಡ ಒಂದು ಹಣದ ಗಂಟೂ ಇತ್ತು. ಮಕೆದೋನ್ಯ ಅಖಾಯ ಮುಂತಾದ ಕಡೆಯ ಹೊಸ ಸಭೆಗಳು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವದು. ಮಗಳ ಮನೆಯಿಂದ ತಾಯಿಯ ಮನೆಗೆ ಬುತ್ತಿ ಹೋಯಿತು. ತೆಗೆದುಕೊಂಡವರು ಕೊಡುವವರಾದಾಗಲೇ ಒಪ್ಪಿಸಿದ ಕೆಲಸವು ನಿಜವಾಗಿ ನೆಲೆಗೊಂಡಿತೆಂದು ತಿಳಿಯಬಹುದು.

ನಮ್ಮ ಕನ್ನಡ ನಾಡಿನ ಸಭೆಗಳೂ ಈ ದಾರಿಯಲ್ಲಿಯೇ ಬಂದವು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯ, ನೆಯ್ಗೆ, ಹೆಂಚಿನ ಕಾರ್ಖಾನೆ ಇವುಗಳನ್ನು ಸ್ಥಾಪಿಸಿದರು. ನಮ್ಮ ಭಾಷೆಗೆ ಕಿಟ್ಟೆಲರ ನಿಘಂಟು 1894ರಲ್ಲಿ ದೊರೆಯಿತು. ಆದರೆ 1914ರಲ್ಲಿ ಮಹಾಯುದ್ಧವು ಪ್ರಾರಂಭವಾಗಲು ಜರ್ಮನ್ ಮಿಷನೆರಿಗಳು ಬಂಧನಕ್ಕೊಳಗಾಗಿ ದೇಶವನ್ನು ಬಿಡಬೇಕಾಯಿತು. 80 ವರುಷಗಳ ಕೆಲಸವನ್ನು ನಿಧಾನವಾಗಿ ಒಪ್ಪಿಸಿಕೊಡಲು ಅವಕಾಶವೇ ಇರಲಿಲ್ಲ. ಆಗ ಈ ನಾಡಿನವರೇ ಆದ ಪಾದ್ರಿಗಳೂ ಉಪದೇಶಿಗಳೂ ಉಪಾಧ್ಯಾಯ ಉಪಾಧ್ಯಾಯಿನಿಯರೂ ಕಷ್ಟಕಾಲದಲ್ಲಿ ದೊಡ್ಡ ಭಾರವನ್ನು ಹೊತ್ತರು. ದಕ್ಷಿಣ ಭಾರತದ ಐಕ್ಯ ಸಭೆಯು 1947ನೆಯ ಸಪ್ಟೆಂಬರ್ 27ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾಯಿತು. ಇಂದು ಹೊರಗಿನವರು ಬಂದು ನಡಿಸುವರೆಂದು ಕಾಯುವ ಕಾಲವಲ್ಲ. ಒಪ್ಪಿಸುವವರೂ ನಾವೇ, ಒಪ್ಪಿಸಿಕೊಳ್ಳುವವರೂ ನಾವೇ. ನಮ್ಮ ತಪ್ಪನ್ನು ಇನ್ನಾರ ಮೇಲೂ ಹೊರಿಸುವಂತಿಲ್ಲ.

ಹೀಗೆ ಉಪದೇಶಿಸುವವಳು ತಾನೇನು ಮಾಡಿದಳೆಂದು ನೀವು ಕೇಳಬಹುದು. ಹೇಳುತ್ತೇನೆ. ನಾನು ಮುಖ್ಯೋಪಾಧ್ಯಾಯಿನಿಯಾದ ಮೊದಲ ವರುಷಗಳಲ್ಲಿ ಶಾಲೆಯ ಬೀಗದ ಕೈಗಳೆಲ್ಲಾ ನನ್ನ ಸೊಂಟದಲ್ಲಿದ್ದವು. ಉಗ್ರಾಣದ್ದು, ಪ್ರಯೋಗಶಾಲೆಯದು, ಪುಸ್ತಕ ಭಂಡಾರದ್ದು, ದಾಖಲೆಗಳ ಬೀರುವಿನದು. ಪುಸ್ತಕಗಳು ಕಳೆದುಹೋಗುವುವೆಂಬ ಭಯದಿಂದ ಪುಸ್ತಕ ಭಂಡಾರವನ್ನು ವಾರಕ್ಕೊಮ್ಮೆ ನಾನೇ ನಿಂತು ತೆಗೆಸುತ್ತಿದ್ದೆನು. ಒಂದು ಮಳೆಗಾಲದಲ್ಲಿ ನನಗೆ ವಿಷಮಜ್ವರ ಬಂದು 6 ವಾರ ಹಾಸಿಗೆ ಹಿಡಿಯಬೇಕಾಯಿತು. ಬೀಗದ ಕೈಗಳು ಒಬ್ಬ ಕಿರಿಯ ಸಹೋಪಾಧ್ಯಾಯಿನಿಯ ಕೈಗೆ ಹೋದವು. ನಾನು ತಿರಿಗಿ ಬಂದಾಗ ಎಲ್ಲವೂ ಕ್ರಮವಾಗಿ ನಡೆದಿತ್ತು. ಪುಸ್ತಕ ಭಂಡಾರವನ್ನು ಆಕೆಯು ಪ್ರತಿದಿನ ಮಧ್ಯಾಹ್ನದ ಬಿಡುವಿನಲ್ಲಿ ತೆರೆದಿಟ್ಟಿದ್ದಳು. ಹಿಂದೆಂದೂ ಪುಸ್ತಕ ಮುಟ್ಟದ ಹುಡುಗಿಯರು ಕೂಡಾ ಓದುತ್ತಿದ್ದರು. ಎರಡು ಪುಸ್ತಕಗಳು ಮಾತ್ರ ಕಾಣೆಯಾಗಿದ್ದವು. ನಾನು ಮೊದಲು ಕೇಳಿದ್ದು ಆ ಎರಡು ಪುಸ್ತಕಗಳನ್ನು.

ಆಕೆಯ ಮುಖವು ಬಾಡಿದ್ದನ್ನು ನಾನು ಮರೆತಿಲ್ಲ. ಶಾಲೆಯು ನಾನಿಲ್ಲದೆ ಚೆನ್ನಾಗಿ ನಡೆಯಿತೆಂಬುದಕ್ಕೆ ನನ್ನ ಮನಸ್ಸು ಸಂತೋಷಪಡಲಿಲ್ಲ, ನೊಂದಿತು. ಆ ರಾತ್ರಿ ನನಗೆ ಲುಸ್ತ್ರದ ಹಾರವು ನೆನಪಾಯಿತು. ಗೆರೆ ಮುಂದಕ್ಕೆ ಹೋದ ಮೇಲೆ ಊರಿನಲ್ಲಿ ಏನಾಯಿತೆಂದು ಕೇಳಿದ ಹುಡುಗಿಯೂ ನೆನಪಾದಳು. ಮರುದಿನ ಆ ಸಹೋಪಾಧ್ಯಾಯಿನಿಯ ಕ್ಷಮೆ ಬೇಡಿ ಪುಸ್ತಕ ಭಂಡಾರದ ಬೀಗದ ಕೈಯನ್ನು ಆಕೆಗೇ ಕೊಟ್ಟೆನು. ಮಿಕ್ಕವುಗಳನ್ನು ಒಂದೊಂದಾಗಿ ಕೊಡಲು ನನಗೆ ಎರಡು ವರುಷ ಹಿಡಿಯಿತು. ಹೊರಡುವುದನ್ನು ಕಲಿಯುವುದು ಹೋಗುವುದನ್ನು ಕಲಿಯುವುದಕ್ಕಿಂತ ಕಷ್ಟವೆಂದು ಅನುಭವದಿಂದಲೇ ಹೇಳುತ್ತಿದ್ದೇನೆ.

ಆದಕಾರಣ ನನ್ನ ಬಿನ್ನಹವಿಷ್ಟೇ. ಸಭೆಯಲ್ಲಾಗಲಿ, ಸಂಘದಲ್ಲಾಗಲಿ, ಮನೆಯಲ್ಲಾಗಲಿ ಬಹುಕಾಲದಿಂದ ಬೀಗದ ಕೈಗಳನ್ನು ಹಿಡಿದಿರುವ ಹಿರಿಯರೇ, ಇನ್ನೂ ಶಕ್ತಿಯಿರುವಾಗಲೇ ಅವುಗಳನ್ನು ಕಿರಿಯರಿಗೆ ಕೊಟ್ಟು, ಪಕ್ಕದಲ್ಲಿ ನಿಂತು ಆಶೀರ್ವದಿಸಿರಿ. ಅವರು ತಪ್ಪಿದರೆ ತಿದ್ದಿರಿ, ಕಿತ್ತುಕೊಳ್ಳಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ವಸತಿಗೃಹದ ಬಡಹುಡುಗಿಯರ ಸಹಾಯನಿಧಿಯನ್ನು ಈ ವರುಷದಿಂದ ನಿಮ್ಮ ಸಂಘವೇ ನಡಿಸಲಿ. ಲೆಕ್ಕವನ್ನು ನೀವೇ ಇಡಿರಿ, ಯಾರಿಗೆ ಕೊಡಬೇಕೆಂಬುದನ್ನೂ ನೀವೇ ತೀರ್ಮಾನಿಸಿರಿ. ಒಂದು ಕಾಲದಲ್ಲಿ ಇಲ್ಲಿಂದ ತೆಗೆದುಕೊಂಡವರು ಇನ್ನು ಕೊಡುವವರಾಗಿರಿ. ಕ್ರೈಸ್ತರಾದ ತಾಯಿತಂದೆಗಳೇ, ಸೇವೆಗೆ ಕೊಡುವಾಗ ಅಂತಿಯೋಕ್ಯದವರಂತೆ ಶ್ರೇಷ್ಠವಾದದ್ದನ್ನು ಕೊಡಿರಿ. ಇತರ ಧರ್ಮಗಳ ತಾಯಿತಂದೆಗಳೇ, ಎಫೆಸದ ಲೇಖಕನಂತೆ ನಮ್ಮನ್ನು ನಡತೆಯಿಂದ ತೂಗಿ ನೋಡಿರಿ. ಕೊರತೆ ಕಂಡರೆ ಸಂಕೋಚಪಡದೆ ಬಂದು ಹೇಳಿರಿ.

ಭೂಪಟದ ಆ ಹುಡುಗಿಯು ಈಗ ಶಾಲೆಯನ್ನು ಬಿಟ್ಟು ಬಹಳ ಕಾಲವಾಯಿತು. ಈ ಸಂಚಿಕೆಯು ಅವಳ ಕೈಗೆ ಸೇರಿದರೆ, ಗಂಟೆ ಬಾರಿಸಿದ್ದರಿಂದ ಅಂದು ಕೊಡಲಾಗದ ಉತ್ತರವನ್ನು ಅವಳು ಇಲ್ಲಿ ಓದಿಕೊಳ್ಳಲಿ. ಮಗಳೇ, ಗೆರೆ ಮುಂದಕ್ಕೆ ಹೋದ ಮೇಲೆ ಹಿಂದಿನ ಊರಿನಲ್ಲಿ ನಿನ್ನಂಥವರು ಉಳಿದರು. ಅವರಿಂದ ಕೆಲಸವು ನಡೆಯಿತು.

ದೇವರು ನಿಮ್ಮೆಲ್ಲರ ಮನೆಗಳನ್ನೂ ನಿಮ್ಮ ಕೈಗಳ ಕೆಲಸವನ್ನೂ ಆಶೀರ್ವದಿಸಲಿ.